ಹುಕ್ಕು ಎಲ್ಲಿ ಹಾಕಿದ್ದೆ ಅಂದರೆ…

ನಮ್ಮ ಗ್ಯಾರೇಜು ಮುಧೋಳದ ಕಡೆ. ಕಬ್ಬಿನ ಸೀಜನ್ನಿನಲ್ಲಿ ಒಂದು ಮಳೆ ಬಿದ್ದರೆ ಸಾಕು, ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಟ್ರೇಲರ್ ಹೂತು ಕೂತುಬಿಡುತ್ತದೆ. ಗುಜರಿಗೆ ಹೊರಟಿದ್ದ ಹಳೆ ಜೀಪೊಂದನ್ನು ಸಾವುಕಾರರೊಬ್ಬರು ತಂದು ನಿಲ್ಲಿಸಿ, "ಇದನ್ನ ಜಗ್ಗೋ ಟ್ರ್ಯಾಕ್ಟರ್ ಮಾಡಿ ಕೊಡು" ಅಂದರು. ಪಾಸಿಂಗ್ ಆಗೋದಿಲ್ಲ, ರಸ್ತೆಗೆ ತರಬಾರದು, ಹೊಲದಲ್ಲಷ್ಟೇ ಅಂತ ಮೊದಲೇ ಹೇಳಿ ಕೆಲಸ ಹಿಡಿದೆ.

ಆ ಹಳೆ ಮೂರು ಗೇರಿನ ಗಾಡಿಯಲ್ಲಿ ಫಸ್ಟ್ ಗೇರ್ 2.798, ಟ್ರಾನ್ಸ್‌ಫರ್ ಕೇಸಿನ (ಮುಂದೆ-ಹಿಂದೆ ಎರಡೂ ಕಡೆ ಚಕ್ರಕ್ಕೆ ಬಲ ಹಂಚುವ ಪೆಟ್ಟಿಗೆ) ಲೋ ಗೇರ್ 2.46, ಕ್ರೌನ್-ಪಿನಿಯನ್ (ಎಕ್ಸಲಿನೊಳಗಿನ ಗೇರ್ ಜೋಡಿ) 5.38. ಗುಣಿಸಿದರೆ 37, ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ 37 ಸುತ್ತು. ಅದು ಸಾಲದು ಅನ್ನಿಸಿ, ಇನ್ನೊಂದು ಜೀಪಿನ ಗೇರ್‌ಬಾಕ್ಸ್ ತಂದು ಹಿಂದೆ ಜೋಡಿಸಿದೆ. ಈಗ ಚಕ್ರ ಒಂದು ಸುತ್ತು ಬರಬೇಕಾದರೆ ಎಂಜಿನ್ ಸುಮಾರು 104 ಸುತ್ತು ಹಾಕಬೇಕು. ತಾಸಿಗೆ ಎರಡು ಕಿಲೋಮೀಟರ್. ಎಮ್ಮೆ ಕೂಡ ಹಿಂದೆ ಹಾಕಿ ಹೋಗುತ್ತದೆ. ಮುಂದಿನ ಡಿಫರೆನ್ಷಿಯಲ್ ಸವೆದಿತ್ತು, ಅದರ ಶಾಫ್ಟ್ ಬಿಚ್ಚಿಟ್ಟೆ, ಜಗ್ಗೋದೆಲ್ಲ ಹಿಂದಿನ ಚಕ್ರವೇ. ಟ್ರೇಲರ್ ಕಟ್ಟುವ ಹುಕ್ಕನ್ನು ಕೈಗೆ ಸಿಕ್ಕ ಕಡೆ, ಚೆಸ್ಸಿಯ ಮೇಲುಗಡೆ ವೆಲ್ಡಿಂಗ್ ಮಾಡಿದೆ. ನೆಲದಿಂದ 80 ಸೆಂ.ಮೀ.

ಅರ್ಧ ತುಂಬಿದ ಟ್ರೇಲರಿಗೆ ಕಟ್ಟಿದೆವು. ಚಕ್ರ ಅಲ್ಲೇ ತಿರುಗಿ ಮಣ್ಣು ತೋಡಿತು. ಭಾರ ಸಾಲದು ಅಂತ ಹಿಂದೆ ಮರಳಿನ ಚೀಲ ಹೇರಿದೆ. ಮತ್ತೆ ಕ್ಲಚ್ ಬಿಟ್ಟೆ. ಬಾನೆಟ್ ನಿಧಾನಕ್ಕೆ ಮೇಲೇಳತೊಡಗಿತು. ಎದುರಿಗಿದ್ದ ಕಬ್ಬು ಮರೆಯಾಗಿ ಆಕಾಶ ಕಂಡಿತು. ಕಾಲು ತಾನಾಗೇ ಕ್ಲಚ್ ತುಳಿಯಿತು, ಗಾಡಿ ಧಡ್ ಅಂತ ಕೆಳಗೆ ಬಿತ್ತು. ಇನ್ನೊಂದು ಕ್ಷಣ ಕಳೆದಿದ್ದರೆ ಸ್ಟೇರಿಂಗು ನನ್ನ ಎದೆ ಮೇಲೆ.

ಬದುವಿನ ಮೇಲೆ ಕೂತಿದ್ದ ಹಿರಿಯ ವೆಲ್ಡರ್ ನೋಡಿ, "ಹಗ್ಗ ನೆಲಾ ಹಿಡದು ಹೋಗಬೇಕೋ ತಮ್ಮಾ, ನೀ ಮುಗಲಿಗೆ ಕಟ್ಟೀಯಲ್ಲ" ಅಂದರು.

ರಾತ್ರಿ ಕೂತು ಲೆಕ್ಕ ಹಾಕಿದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಎರಡು ಮೀಟರ್. 800 ಕೆಜಿ ಎಳೆತ 80 ಸೆಂ.ಮೀ. ಎತ್ತರದಲ್ಲಿ ಬಿದ್ದರೆ ಮುಂದಿನ ಚಕ್ರಗಳ ಮೇಲಿಂದ 320 ಕೆಜಿ ಎತ್ತಿಹೋಗುತ್ತದೆ. ಮರಳಿನ ಚೀಲಗಳನ್ನು ನಾನು ಎಕ್ಸಲಿನ ಹಿಂದೆ ಹೇರಿದ್ದೆ, ಅವೂ ಮೂತಿಯನ್ನೇ ಎತ್ತುತ್ತಿದ್ದವು. ಹುಕ್ಕು 30 ಸೆಂ.ಮೀ.ಗೆ ಇಳಿಸಿದರೆ ಆ 320 ಬರೀ 120 ಆಗುತ್ತದೆ. ಮರುದಿನ ಕತ್ತರಿಸಿ, ಎಕ್ಸಲಿಗಿಂತ ಕೆಳಗೆ ಹಾಕಿದೆ. ಚೀಲಗಳನ್ನು ಎಕ್ಸಲಿನ ನೆತ್ತಿಗೆ ತಂದೆ, ಮುಂದಿನ ಬಂಪರಿಗೂ ಒಂದಿಷ್ಟು ಕಬ್ಬಿಣ ಕಟ್ಟಿದೆ.

ಟ್ರೇಲರ್ ಬಂತು. ಸಾವುಕಾರರು ಖುಷಿಯಾಗಿ ಇನ್ನೂ ನಾಲ್ಕು ಚೀಲ ಹೇರಿಸಿದರು, ನಾನೂ ಸುಮ್ಮನಿದ್ದೆ. ಅವತ್ತು ಸಂಜೆಗೆ ಹಿಂದಿನ ಎಕ್ಸಲ್ ಶಾಫ್ಟ್ ಕಟ್ ಆಯಿತು. ಅಲ್ಲಿಯ ತನಕ ಟೈರು ಜಾರಿ ಜಾರಿ ಅದನ್ನು ಕಾಯುತ್ತಿತ್ತು. ಜಾರುವುದನ್ನು ನಾವೇ ತಪ್ಪಿಸಿದ್ದೆವು. ತುಂಡನ್ನು ತೆಗೆದು ನೋಡಿದರೆ ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿತ್ತು. ಅದು ಈಗಲೂ ನನ್ನ ಟೂಲ್ ಬಾಕ್ಸಿನ ಪಕ್ಕದಲ್ಲೇ ಇದೆ, ಹುಡುಗರು ಅದರ ಮೇಲೆ ಚಹಾದ ಲೋಟ ಇಡುತ್ತಾರೆ.