ಪ್ರೊಪೆಲ್ಲರ್ ಪಿಚ್: ಮೂರನೇ ಸಲಕ್ಕೆ ಕಪ್ಪು ಹೊಗೆ ನಿಂತಿತು

ಇವತ್ತಿಗೆ ದೋಣಿಯ ಹಿಂಬದಿಯ ಮಸಿ ಒರೆಸುವ ಕೆಲಸ ಮುಗಿಯಿತು ಅಂದುಕೊಂಡಿದ್ದೇನೆ.

ನನ್ನ ಹಾಯಿದೋಣಿಯ ಡೀಸೆಲ್ ಎಂಜಿನ್ ಪೂರ್ತಿ ಥ್ರಾಟಲ್ ಕೊಟ್ಟಾಗ 3600 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಮುಟ್ಟಬೇಕು. ಮುಟ್ಟುತ್ತಿದ್ದದ್ದು 2950. ಜೊತೆಗೆ ದಟ್ಟ ಕಪ್ಪು ಹೊಗೆ. ಮೊದಲು ಇಂಜೆಕ್ಟರ್ ಮೇಲೆ ಅನುಮಾನಪಟ್ಟೆ, ಬಿಚ್ಚಿಸಿ ನೋಡಿದೆ, ಅದರದ್ದೇನೂ ತಪ್ಪಿರಲಿಲ್ಲ. ನ್ಯೂಟ್ರಲ್‌ನಲ್ಲಿ ಎಂಜಿನ್ ಸಲೀಸಾಗಿ ಪೂರ್ತಿ ವೇಗಕ್ಕೆ ಏರುತ್ತಿತ್ತು. ಅಂದರೆ ಥ್ರಾಟಲ್ ಕೇಬಲ್ಲೂ ಸರಿ. ಎಂಜಿನ್ನಿನ ಪುಲ್ಲಿಗೆ (ಬೆಲ್ಟ್ ತಿರುಗಿಸುವ ಚಕ್ರ) ಹೊಳೆಯುವ ಟೇಪ್ ಅಂಟಿಸಿ ಬೇರೆ ಮೀಟರಿನಲ್ಲಿ ಅಳೆದೆ, ಡ್ಯಾಶ್‌ಬೋರ್ಡಿನ ಮೀಟರ್ ಸುಳ್ಳು ಹೇಳುತ್ತಿರಲಿಲ್ಲ. ದೋಣಿಯ ತಳ, ಪ್ರೊಪೆಲ್ಲರ್ ಬ್ಲೇಡ್‌ಗಳಿಗೆ ಅಂಟಿದ್ದ ಚಿಪ್ಪು, ಪಾಚಿ ಕೆರೆದ ಮೇಲೆ 100 ಆರ್‌ಪಿಎಂ ಸಿಕ್ಕಿತು, ಅಷ್ಟೇ.

ಉಳಿದದ್ದು ಪಿಚ್, ಅಂದರೆ ನೀರಿನಲ್ಲಿ ಜಾರದಿದ್ದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗುತ್ತೆ ಅನ್ನುವ ಅಳತೆ. ಬ್ಲೇಡಿನ ಕೋನ ಜಾಸ್ತಿಯಾದಷ್ಟೂ ಪಿಚ್ ಜಾಸ್ತಿ. ನನ್ನದು ಹಾಯಿಯಲ್ಲಿ ಹೋಗುವಾಗ ಬ್ಲೇಡ್‌ಗಳು ನೀರು ಹರಿಯುವ ದಿಕ್ಕಿಗೇ ತಿರುಗಿಕೊಳ್ಳುವ ಪ್ರೊಪೆಲ್ಲರ್. ಕೋನವನ್ನು ಹೊರಗಿನ ಸ್ಕ್ರೂನಿಂದ ಬದಲಿಸಬಹುದು. ಹಿಂದಿನ ಮಾಲೀಕರು 22 ಡಿಗ್ರಿಗೆ ಇಟ್ಟಿದ್ದರು. 15 ಇಂಚು ವ್ಯಾಸಕ್ಕೆ ಲೆಕ್ಕ ಹಾಕಿದರೆ ಪಿಚ್ ಸುಮಾರು 13.3 ಇಂಚು. ಪಿಚ್ ಜಾಸ್ತಿಯಾದರೆ ದೋಣಿ ಜೋರಾಗಿ ಓಡುತ್ತೆ ಅನ್ನಿಸುತ್ತೆ, ಅಲ್ವಾ? ಎಂಜಿನ್ನಿಗೆ ಅಷ್ಟು ನೀರು ತಳ್ಳುವ ಶಕ್ತಿ ಇದ್ದರೆ ಸರಿ. ಇಲ್ಲದಿದ್ದರೆ ಅದು ಚಡಾವಿನಲ್ಲಿ ಟಾಪ್ ಗೇರ್ ಹಾಕಿದ ಹಾಗೆ: ಎಂಜಿನ್ ಏದುಸಿರು ಬಿಡುತ್ತೆ, ಡೀಸೆಲ್ ಪೂರ್ತಿ ಉರಿಯುವುದಿಲ್ಲ.

ನೀರಿಗಿಳಿಯುವ ಮೊದಲು ಎಂಜಿನ್ ಕೀ ತೆಗೆದು ಜೇಬಿಗೆ. ಇದರಲ್ಲಿ ಮಾತ್ರ ಉದಾಸೀನ ಮಾಡಲಿಲ್ಲ. ಆದರೆ ಸ್ಕ್ರೂ ತಿರುಗಿಸುವ ಅಲೆನ್ ಕೀಗೆ ದಾರ ಕಟ್ಟುವುದನ್ನು ಮರೆತೆ, ಅದು ತಳ ಸೇರಿತು.

ಮೊದಲು 20 ಡಿಗ್ರಿ: 3280 ಬಂತು, ಹೊಗೆ ಇನ್ನೂ ಇತ್ತು. ತಾಳ್ಮೆ ಕೆಟ್ಟು ಎರಡನೇ ಸಲ ನೇರ 16ಕ್ಕೆ ಇಳಿಸಿದೆ. ಥ್ರಾಟಲ್ ಇನ್ನೂ ಉಳಿದಿರುವಾಗಲೇ ಎಂಜಿನ್ 3600 ದಾಟಿತು. ಸದ್ದು ಮಾತ್ರ ಜೋರು, ದೋಣಿ ನಿಧಾನ. ಮೂರನೇ ಸಲ 18, ಅಂದರೆ 10.7 ಇಂಚು. 3540 ಬಂತು. ಹೊಗೆ ಇಲ್ಲ. ಆಳ ಇರುವ ಕಡೆ, ಗಾಳಿ ಇಲ್ಲದ ಬೆಳಿಗ್ಗೆ, ಹೋಗುತ್ತಾ ಬರುತ್ತಾ ಅಳೆದು ಸರಾಸರಿ ತೆಗೆದರೆ 6.6 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.). ಮೊದಲು 6.2 ಇತ್ತು.

ಗೇರ್‌ಬಾಕ್ಸ್ ಅನುಪಾತ 2.6, ಅಂದರೆ ಎಂಜಿನ್ 2.6 ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು. ಆ ಲೆಕ್ಕದಲ್ಲಿ ಪ್ರೊಪೆಲ್ಲರ್ ಒಂಚೂರೂ ಜಾರದಿದ್ದರೆ ಹತ್ತಿರ ಹತ್ತಿರ 12 ನಾಟ್ ಬರಬೇಕಿತ್ತು. ಅಂದರೆ ಜಾರಿಕೆ ಸುಮಾರು ಶೇ. 45. ಭಾರದ ಹಾಯಿದೋಣಿಗೆ ಇದು ಮಾಮೂಲಿ.

ಒಂದು ಬೇಜಾರಿದೆ. 5 ನಾಟ್‌ಗೆ ಮೊದಲು 2100 ಆರ್‌ಪಿಎಂ ಸಾಕಿತ್ತು, ಈಗ 2450 ಬೇಕು. ಗದ್ದಲ ಜಾಸ್ತಿ. ಅದಕ್ಕೇ ಕೆಲವರು ಬೇಕಂತಲೇ ಒಂದು ಡಿಗ್ರಿ ಜಾಸ್ತಿ ಇಟ್ಟುಕೊಳ್ಳುತ್ತಾರೆ. ಎದುರುಗಾಳಿಯಲ್ಲಿ ಸಿಕ್ಕಿಕೊಂಡಾಗ ನನಗೆ ಪೂರ್ತಿ ಶಕ್ತಿ ಬೇಕು, ಹಾಗಾಗಿ 18ರಲ್ಲೇ ಬಿಟ್ಟಿದ್ದೇನೆ. ಮುಂದಿನ ವಾರ ಎಂಜಿನ್ ಗೂಡಿನ ಒಳಗೆ ಸದ್ದು ತಡೆಯುವ ಫೋಮ್ ಅಂಟಿಸಬೇಕು.