ಹಳಿ ಮೇಲೆ ಬಂದ ದೇವಾಲಯ

ಮರಳುಗಾಡಿನಲ್ಲಿ ಇಸ್ರಾಯೇಲ್ಯರು ದೇವರ ಗುಡಾರವನ್ನು ಬಿಚ್ಚಿ, ಹೊತ್ತು, ಮುಂದಿನ ಪಾಳೆಯದಲ್ಲಿ ಮತ್ತೆ ನಿಲ್ಲಿಸುತ್ತಿದ್ದರು. ಬೈಬಲಿನ ಆ ಭಾಗ ಓದಿದಾಗಲೆಲ್ಲ ನನಗೆ ಅಮೆರಿಕದ ಚಾಪೆಲ್ ಕಾರುಗಳ ನೆನಪು ಬರುತ್ತದೆ. ಚರ್ಚು ಮಾಡಿಕೊಂಡ ರೈಲು ಬೋಗಿಗಳು ಅವು.

ಅಲ್ಲಿನ ಪಶ್ಚಿಮದಲ್ಲಿ ಹಳಿ ಹೋದ ಕಡೆಯೆಲ್ಲ ಊರು ಹುಟ್ಟಿತು. ಸ್ಟೇಷನ್ ಬಂತು, ಅಂಗಡಿ ಬಂತು, ಹೆಂಡದಂಗಡಿಯೂ ಬಂತು. ಎಷ್ಟೋ ಊರಿಗೆ ಚರ್ಚು ಮಾತ್ರ ಬರಲಿಲ್ಲ. 1890ರಲ್ಲಿ ನಾರ್ತ್ ಡಕೋಟದ ಬಿಷಪ್ ವಿಲಿಯಂ ವಾಕರ್ ಒಂದು ಬೋಗಿಯನ್ನೇ ದೇವಾಲಯ ಮಾಡಿಸಿದರು. ಮರುವರ್ಷ ಬ್ಯಾಪ್ಟಿಸ್ಟ್ ಪಂಗಡದವರ 'ಇವಾಂಜೆಲ್' ಬೋಗಿ ಹೊರಟಿತು. ಆಮೇಲೆ ಕ್ಯಾಥೊಲಿಕರೂ ಬಂದರು. ಎಲ್ಲ ಸೇರಿ 13 ಬೋಗಿಗಳು.

ನನ್ನ ಮನಸ್ಸು ಹೋಗಿ ನಿಲ್ಲುವುದು 1898ರ 'ಮೆಸೆಂಜರ್ ಆಫ್ ಪೀಸ್' ಬೋಗಿಯ ಹತ್ತಿರ. 75 ಹೆಂಗಸರು ತಲಾ 100 ಡಾಲರ್ ಕಾಣಿಕೆ ಕೊಟ್ಟರು. ಅದಕ್ಕೇ ಅದನ್ನು ಹೆಂಗಸರ ಬೋಗಿ ಅಂತ ಕರೆದರು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ನಾವು ಕೂರುವ ಚರ್ಚಿಗೆ ಬೆಂಚೋ ಗಂಟೆಯೋ ಕೊಟ್ಟರೆ ಪ್ರತಿ ಭಾನುವಾರ ಕಣ್ಣೆದುರಿಗೇ ಇರುತ್ತದೆ. ಇವರ ಕಾಣಿಕೆ ಗುರುತು ಪರಿಚಯವಿಲ್ಲದವರ ಊರಿಗೆ ಉರುಳಿಕೊಂಡು ಹೋಯಿತು. ಇದಕ್ಕಿಂತ ಶುದ್ಧವಾದ ಹರಕೆ ನನಗೆ ಗೊತ್ತಿಲ್ಲ.

ಒಳಗೆ ಸಾಲಾಗಿ ಬೆಂಚು, ಬೋಧಕರು ನಿಲ್ಲುವ ಪೀಠ, ಕಾಲಲ್ಲಿ ತುಳಿದು ಗಾಳಿ ತುಂಬಿಸಿ ನುಡಿಸುವ ಆರ್ಗನ್. ಬೋಗಿಯ ಒಂದು ತುದಿಯಲ್ಲೇ ಬೋಧಕ ದಂಪತಿಯ ಸಂಸಾರ: ಮಲಗಲು ಸ್ವಲ್ಪ ಜಾಗ, ಪುಟ್ಟ ಅಡುಗೆಮನೆ. ರೈಲ್ವೆ ಕಂಪನಿಗಳು ಬಹಳ ವರ್ಷ ದುಡ್ಡು ಕೇಳದೆ ಈ ಬೋಗಿಗಳನ್ನು ಎಳೆದುಕೊಂಡು ಹೋದವು. ಸ್ಟೇಷನ್ ಪಕ್ಕದ ಹಳಿಯಲ್ಲಿ ಬಿಟ್ಟರೆ ಅಲ್ಲೇ ಆರಾಧನೆ. ಬೋಧಕರ ಹೆಂಡತಿ ಆರ್ಗನ್ ನುಡಿಸಬೇಕು, ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಬೇಕು, ಒಲೆಯನ್ನೂ ನೋಡಿಕೊಳ್ಳಬೇಕು. ಮನೆಯ ಬಾಗಿಲು ತೆಗೆದರೆ ಚರ್ಚು. ಬಂದವರ ಕಣ್ಣು ತಪ್ಪಿಸಿ ಒಂದು ಗಳಿಗೆ ಸುಮ್ನೆ ಕೂರುವುದಕ್ಕೂ ಜಾಗವಿಲ್ಲದ ಬದುಕು ಅದು. ಬಿಷಪ್ಪರ ಹೆಸರು ಉಳಿದಷ್ಟು ಈ ತಾಯಂದಿರ ಹೆಸರು ಉಳಿದಿಲ್ಲ. ಪ್ರಾರ್ಥನೆಯಲ್ಲಿ ನಾನು ಅವರನ್ನು ನೆನೆಯುತ್ತೇನೆ.

ಆ ಹೆಂಗಸರ ಬೋಗಿ ಈಗ ವಾಷಿಂಗ್ಟನ್ ರಾಜ್ಯದ ಸ್ನೊಕ್ವಾಲ್ಮಿಯ ರೈಲ್ವೆ ಮ್ಯೂಸಿಯಂನಲ್ಲಿದೆ. ಓಡಾಡುತ್ತಿದ್ದ ಕಾಲದಲ್ಲಿ ಅದು ಯಾವ ಊರಲ್ಲೂ ಬೇರು ಬಿಡಲಿಲ್ಲ. ಜನ ಕೂಡಿ ಒಂದು ಸಭೆಯಾಗಿ, ತಮ್ಮದೇ ಚರ್ಚು ಕಟ್ಟುವ ಮಾತು ಶುರುವಾದರೆ ಬೋಗಿ ಮುಂದಿನ ಊರಿಗೆ ಹೊರಡಬೇಕು. ಇಬ್ಬರು ಮೂವರು ತನ್ನ ಹೆಸರಲ್ಲಿ ಸೇರಿದ ಕಡೆ ತಾನಿರುತ್ತೇನೆ ಎಂದು ಪ್ರಭು ಯೇಸು ಹೇಳಿದ್ದನ್ನು ಪೂರ್ತಿ ನಂಬಿದವರಿಗೆ ಮಾತ್ರ ಹಾಗೆ ಬಿಟ್ಟು ಹೊರಡಲು ಸಾಧ್ಯ, ಅಲ್ವಾ?