ಪೋಸ್ಟರ್ ಕೊಳವೆ ಹೊತ್ತು ಭುವನೇಶ್ವರ ಸುತ್ತಿದ್ದು

ಕಾನ್ಫರೆನ್ಸ್‌ನ ವೇಳಾಪಟ್ಟಿ ಮೇಲ್‌ಗೆ ಬಂದ ಕೂಡಲೇ ಎಲ್ಲರೂ ತಮ್ಮ ಹೆಸರು ಎಲ್ಲಿದೆ ಅಂತ ನೋಡುತ್ತಾರೆ. ನಾನು ಮೊದಲು ಆ ಊರಲ್ಲಿ ಸೂರ್ಯ ಎಷ್ಟೊತ್ತಿಗೆ ಹುಟ್ಟಿ ಎಷ್ಟೊತ್ತಿಗೆ ಮುಳುಗುತ್ತಾನೆ ಅಂತ ನೋಡುತ್ತೇನೆ. ಭುವನೇಶ್ವರದ ವಿಷಯದಲ್ಲಂತೂ ಇದು ತುಂಬಾ ಮುಖ್ಯ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ 5:15ರ ಹೊತ್ತಿಗೆ ಸೂರ್ಯ ಮುಳುಗಿಯಾಗಿರುತ್ತದೆ. ನಮ್ಮ ಬೆಂಗಳೂರಲ್ಲಿ ಆಗ ಇನ್ನೂ ಮುಕ್ಕಾಲು ಗಂಟೆ ಬೆಳಕಿರುತ್ತದೆ. ಗಡಿಯಾರ ಎರಡೂ ಕಡೆ ಒಂದೇ. ಕೊನೆಯ ಸೆಷನ್ ಮುಗಿಯೋದು ಐದೂವರೆಗೆ, ಆಮೇಲೆ ಟೀ, ಹಳೇ ಪರಿಚಯದವರ ಮಾತು. ಹೊರಗೆ ಬಂದರೆ ಕತ್ತಲು. ಸಂಜೆ ನಂಬಿಕೊಂಡು ಹೋದವರು ನೋಡಿದ್ದು ಹೋಟೆಲಿನ ಲಾಬಿ ಮತ್ತು ಒಂದು ಮಾಲ್ ಅಷ್ಟೇ.

ಹಾಗಾಗಿ ನಾನು ಬೆಳಗಿನ ಗಿರಾಕಿ. ಆರೂಕಾಲಿಗೆಲ್ಲ ಬೆಳಕು ಹರಿದಿರುತ್ತದೆ. ಉದ್ಘಾಟನೆ, ದೀಪ, ಹೂಗುಚ್ಛ ಎಲ್ಲ ಮುಗಿದು ಕೆಲಸದ ಮಾತು ಶುರುವಾಗೋದು ಹತ್ತಕ್ಕೆ. ಮೂರು ಮೂರೂವರೆ ಗಂಟೆ ಸುಮ್ನೆ ಸಿಗುತ್ತದೆ. ಎಲ್ಲರೂ ಉಳಿದುಕೊಂಡಿದ್ದ ಹೋಟೆಲ್ ಬಿಟ್ಟು ನಾನು ಹಳೇ ಊರಿನ ಹತ್ತಿರ ಒಂದು ಸಾದಾ ಲಾಡ್ಜ್ ಹಿಡಿದೆ. ಬಾಡಿಗೆ ಕಮ್ಮಿ, ಆಫೀಸಿನ ಅಕೌಂಟ್ಸ್ ವಿಭಾಗಕ್ಕೂ ಖುಷಿ.

ಮೊದಲ ಬೆಳಗ್ಗೆ ಮುಕ್ತೇಶ್ವರ. 10ನೇ ಶತಮಾನದ ಗುಡಿ. ಫೋಟೋ ನೋಡಿ ದೊಡ್ಡದು ಅಂದುಕೊಂಡು ಹೋಗುವವರೇ ಜಾಸ್ತಿ, ಆದರೆ ಅದು ಪುಟ್ಟ ಗುಡಿ. ಎದುರಿಗೆ ಎರಡು ದಪ್ಪ ಕಂಬದ ಮೇಲೆ ಒಂದು ಕಮಾನು, ಅದೇ ಪ್ರಸಿದ್ಧ ತೋರಣ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಪಕ್ಕದ ಗೋಡೆಯ ಜಾಲಂಧ್ರ. ವಜ್ರಾಕಾರದ ತೂತುಗಳ ಕಿಟಕಿ, ಅದರ ಚೌಕಟ್ಟಿನ ಸುತ್ತ ಕೋತಿಗಳು. ಬೆಳಗಿನ ಓರೆ ಬಿಸಿಲು ಬಿದ್ದಾಗ ಒಂದೊಂದರ ಚೇಷ್ಟೆಯೂ ಬೇರೆ ಬೇರೆಯಾಗಿ ಎದ್ದು ಕಾಣುತ್ತದೆ. ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಇದೆಲ್ಲ ಬರೀ ಗೀರುಗಳಂತೆ ಮಂಕಾಗುತ್ತದೆ. ಅರ್ಚಕರು ಬಾಗಿಲು ತೆಗೆದು ಗಂಟೆ ಹೊಡೆದರು, ನಾಯಿಯೊಂದು ಕಲ್ಲುಹಾಸಿನ ಮೇಲೆ ಮೈ ಚಾಚಿತ್ತು, ಪ್ರವಾಸಿಗರು ಅಂತ ಇದ್ದದ್ದು ನಾನೊಬ್ಬಳೇ.

ಅಲ್ಲಿಂದ ಕೂಗಳತೆ ದೂರದಲ್ಲಿ ಪರಶುರಾಮೇಶ್ವರ, 7ನೇ ಶತಮಾನದ್ದು. ಪಟ್ಟದಕಲ್ಲು ನೋಡಿದವರಿಗೆ ಇಲ್ಲೊಂದು ಮಜಾ ಇದೆ. ಅಲ್ಲಿ ಗಳಗನಾಥ ಗುಡಿಯ ಬಾಗಿದ ಶಿಖರ ನೋಡಿ, ವಿರೂಪಾಕ್ಷ ಗುಡಿಯ ಪಕ್ಕ ಇದೇನು ಬೇರೆ ಥರ ಅಂತ ಅನ್ನಿಸಿರುತ್ತದೆ ಅಲ್ವಾ? ಆ ನಾಗರ ಶಿಖರದ, ಅಂದರೆ ಉತ್ತರ ಭಾರತದ ಶೈಲಿಯ ಶಿಖರದ, ಬಂಧುಬಳಗ ಇಲ್ಲಿ ಬೀದಿ ಬೀದಿಗೂ ಇದೆ.

ಪೋಸ್ಟರ್ ದಿನ, ಅಂದರೆ ನಮ್ಮ ಸಂಶೋಧನೆಯನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಬಂದವರಿಗೆ ವಿವರಿಸುವ ದಿನ, ಸ್ವಲ್ಪ ಪೀಕಲಾಟ. ನನ್ನ ಕೆಲಸ ಕೊಳಚೆ ನೀರಿನ ಶುದ್ಧೀಕರಣದ್ದು. ಪೋಸ್ಟರನ್ನು ಸುರುಳಿ ಸುತ್ತಿ ಉದ್ದನೆಯ ಪ್ಲಾಸ್ಟಿಕ್ ಕೊಳವೆಯಲ್ಲಿ ಹಾಕಿ ಹೆಗಲಿಗೆ ನೇತು ಹಾಕಿಕೊಂಡೇ ರಾಜಾರಾಣಿ ಗುಡಿಗೆ ಹೋದೆ. ಅಲ್ಲಿಂದ ನೇರ ಸಭಾಂಗಣಕ್ಕೆ ಹೋಗುವ ಲೆಕ್ಕ. ಟಿಕೆಟ್ ತೋರಿಸಿ ಒಳಗೆ ಕಾಲಿಡುವಷ್ಟರಲ್ಲಿ ಕಾವಲುಗಾರ ತಡೆದ. ಟ್ರೈಪಾಡ್ ಅಂದುಕೊಂಡಿದ್ದ, ಪುರಾತತ್ವ ಇಲಾಖೆಯ ಜಾಗಗಳಲ್ಲಿ ಅದಕ್ಕೆ ಅನುಮತಿ ಬೇಕು. ಮುಚ್ಚಳ ತೆಗೆದು ಪೋಸ್ಟರ್ ಅರ್ಧ ಬಿಚ್ಚಿ ತೋರಿಸಿದೆ. ಬ್ಯಾಕ್ಟೀರಿಯಾದ ಚಿತ್ರ, ಬಣ್ಣಬಣ್ಣದ ಗ್ರಾಫು. ಆತ ಗಂಭೀರವಾಗಿ ನೋಡಿ, ಇದು ಯಾವ ಕಾಯಿಲೆ ಅಂತ ಹಿಂದಿಯಲ್ಲಿ ಕೇಳಿದ. ಕಾಯಿಲೆ ಅಲ್ಲಪ್ಪ, ಚರಂಡಿ ನೀರು ಅಂದೆ. ತಮ್ಮ ಬಡಾವಣೆಯ ಚರಂಡಿ ಬಗ್ಗೆ ಹತ್ತು ನಿಮಿಷ ಹೇಳಿದ. ಆ ದಿನ ನನ್ನ ಪೋಸ್ಟರ್ ಮುಂದೆ ನಿಂತ ಪ್ರೊಫೆಸರ್‌ಗಳಲ್ಲಿ ಯಾರೂ ಅಷ್ಟು ಆಸ್ಥೆಯಿಂದ ಮಾತಾಡಲಿಲ್ಲ.

ಊಟದ ಬಗ್ಗೆ ಒಂದು ಮಾತು. ಕಾನ್ಫರೆನ್ಸ್ ಊಟ ಯಾವ ಊರಲ್ಲಾದರೂ ಅದೇ ಪನೀರ್, ಅದೇ ಗುಲಾಬ್ ಜಾಮೂನು. ಬೆಳಗ್ಗೆ ರಸ್ತೆ ಬದಿ ದಹಿಬರಾ ಆಲೂದಮ್ ತಿಂದುಬಿಡಿ. ತೆಳ್ಳನೆ ಮೊಸರಲ್ಲಿ ನೆಂದ ವಡೆ, ಅದರ ಮೇಲೆ ಖಾರದ ಆಲೂಗಡ್ಡೆ ಪಲ್ಯ. ಮೊಸರು ವಡೆಗೆ ಆಲೂಗಡ್ಡೆಯಾ ಅಂತ ಮೂಗು ಮುರಿದಿದ್ದ ನಮ್ಮ ತಂಡದ ಹುಡುಗ ಮಾರನೇ ದಿನ ನನಗಿಂತ ಮುಂಚೆ ಎದ್ದು ನಿಂತಿದ್ದ.

ಕೊನೆಯ ಬೆಳಗ್ಗೆ ಧೌಲಿಗೆ ಇಟ್ಟುಕೊಂಡಿದ್ದೆ. ಊರಿಂದ ಸುಮಾರು 8 ಕಿಲೋಮೀಟರ್, ಆಟೋದವನಿಗೆ ಹೋಗಿ ಬರುವ ದುಡ್ಡು ಮೊದಲೇ ಮಾತಾಡಿಕೊಂಡೆ. ಎಲ್ಲರೂ ಸೀದಾ ಗುಡ್ಡದ ಮೇಲಿನ ಬಿಳೀ ಶಾಂತಿ ಸ್ತೂಪಕ್ಕೆ ಹೋಗುತ್ತಾರೆ. ಅದು 1970ರ ದಶಕದ್ದು. ನನಗೆ ಬೇಕಾಗಿದ್ದು ಕೆಳಗಿನ ಬಂಡೆ. ಬಂಡೆಯೊಳಗಿಂದ ಆನೆಯೊಂದು ಹೊರಗೆ ಬರುತ್ತಿರುವ ಹಾಗೆ ಮುಂದಿನ ಅರ್ಧ ಮಾತ್ರ ಕಡೆದಿದ್ದಾರೆ. ಅದರ ಕೆಳಗೆ ಅಶೋಕನ ಶಾಸನ.

ಕಳಿಂಗ ಯುದ್ಧದಲ್ಲಿ ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದೊಯ್ದರು ಅಂತ ಅಶೋಕ ದುಃಖಪಡುವುದು 13ನೇ ಶಾಸನದಲ್ಲಿ. ಯುದ್ಧ ನಡೆದ ಈ ನೆಲದಲ್ಲಿ ಅದನ್ನು ಕೆತ್ತಿಸಿಯೇ ಇಲ್ಲ. ಅದರ ಬದಲು ಆಗಿನ ಕಳಿಂಗದ ರಾಜಧಾನಿ ತೋಸಲಿಯ ಅಧಿಕಾರಿಗಳಿಗೆ ಪ್ರತ್ಯೇಕ ಆಜ್ಞೆ. ಎಲ್ಲ ಮನುಷ್ಯರೂ ನನ್ನ ಮಕ್ಕಳು ಅನ್ನುವ ಸಾಲು ಇರುವುದು ಇದರಲ್ಲೇ. ಉಳಿದದ್ದು ಪಕ್ಕಾ ಸರ್ಕಾರಿ ಸುತ್ತೋಲೆಯ ಹಾಗಿದೆ: ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಅಸೂಯೆ, ಸಿಟ್ಟು, ಆತುರ, ಸೋಮಾರಿತನ, ದಣಿವು ಇದ್ದವರಿಂದ ನ್ಯಾಯವಾದ ಕೆಲಸ ಆಗುವುದಿಲ್ಲ. ಜೊತೆಗೆ, ಐದು ವರ್ಷಕ್ಕೊಮ್ಮೆ ತಪಾಸಣೆಗೆ ಅಧಿಕಾರಿ ಬರುತ್ತಾನೆ!

ಈ ಆಜ್ಞೆಗಳು ಧೌಲಿ ಬಿಟ್ಟರೆ ಒಡಿಶಾದ ಜೌಗಡದಲ್ಲಿವೆ. ಇನ್ನೊಂದು ಕಡೆ ಸಿಕ್ಕಿದ್ದು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ದಂಡೆ ಮೇಲೆ. ಸನ್ನತಿಯ ಚಂದ್ರಲಾಂಬೆ ನಮ್ಮ ಮನೆದೇವರು. ಚಿಕ್ಕವಳಿದ್ದಾಗಿನಿಂದ ಅಲ್ಲಿಗೆ ಹೋಗಿ ಬರುತ್ತಿದ್ದೇನೆ. ಅದೇ ಆವರಣದ ಕಾಳಿ ಗುಡಿಯ ಚಾವಣಿ ಕುಸಿದ ಮೇಲೆ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಬ್ರಾಹ್ಮಿ ಅಕ್ಷರಗಳು ಸಿಕ್ಕವು. ಧೌಲಿಯ ಬಂಡೆ ಮುಂದೆ ನಿಂತು ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. "ಹಂಗಾರ ಇವ್ರು ನಮ್ಮ ಕಡೀಯವ್ರೇ" ಅಂದಳು.

ಕೋನಾರ್ಕ್‌ಗೆ ಹೋಗಲಿಲ್ಲ. ಆಯೋಜಕರೇ ಒಂದು ಮಧ್ಯಾಹ್ನ ಬಸ್ ಮಾಡಿದ್ದರು. ಹೋಗುವುದೇ 65 ಕಿಲೋಮೀಟರ್. ಹೋದವರು ತಲುಪಿದ್ದು ಹೊತ್ತು ಇಳಿಯುವಾಗ, ಚಕ್ರದ ಮುಂದೆ ಗ್ರೂಪ್ ಫೋಟೋ ತೆಗೆಸಿಕೊಂಡು ಬಂದರು. 24 ಚಕ್ರಗಳಿರುವ ಗುಡಿಯಲ್ಲಿ ಒಂದರ ಮುಂದೆ ನಿಂತು ಓಡಿಬರುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು? ನಾನು ಆ ಹೊತ್ತಲ್ಲಿ ಒಂದು ಒಳ್ಳೆಯ ಸೆಷನ್ ಕೇಳಿದೆ, ಇಬ್ಬರ ಜೊತೆ ಮುಂದಿನ ಕೆಲಸದ ಮಾತೂ ಆಯಿತು. ಕೋನಾರ್ಕ್‌ಗೆ, ಪುರಿಗೆ ರಜೆ ಹಾಕಿಯೇ ಹೋಗಬೇಕು, ಅದೂ ಅವ್ವನನ್ನು ಕರೆದುಕೊಂಡು. ಮುಂಬೈಯಿಂದ ಭುವನೇಶ್ವರಕ್ಕೆ ಹೋಗುವ ರೈಲು ಕಲಬುರಗಿಯಲ್ಲೇ ನಿಲ್ಲುತ್ತದೆ, ಹೆಸರೂ ಕೋನಾರ್ಕ್ ಎಕ್ಸ್‌ಪ್ರೆಸ್. ಕೆಳಗಿನ ಬರ್ತ್ ಸಿಗುತ್ತದಾ ನೋಡು ಅಂತ ಅವ್ವ ಈಗಾಗಲೇ ಎರಡು ಸಲ ಫೋನ್ ಮಾಡಿದ್ದಾಳೆ.